ಎಕ್ಸ್-ರೇಗೆ ಕಾಣದ ಪೆಟ್ಟು

ದೀಪಾವಳಿ ಕಳೆಯಿತೆಂದರೆ ಸೊರಬ, ಶಿಕಾರಿಪುರ ಸೀಮೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ಮೊದಲಾಗುತ್ತದೆ. ಗದ್ದೆಯ ಕೊಯಿಲು ಮುಗಿದ ಮೇಲೆ ಕಬಡ್ಡಿಯ ಕಾಲ. ಚಂದ್ರಗುತ್ತಿಯ ಕೋಟೆಬೆಟ್ಟದ ಸುತ್ತಿನ ಊರುಗಳ ತರುಣರಿಗೆ ಇವೆರಡೂ ಪ್ರತಿಷ್ಠೆಯ ವಿಷಯ. ಎರಡರಲ್ಲಿಯೂ ತಲೆಗೆ ಪೆಟ್ಟು ಬೀಳುವುದುಂಟು. ದಾಳಿಗೆ ಹೋದವನನ್ನು ನಾಲ್ವರು ಹಿಡಿದು ಕೆಡವಿದಾಗ ಅವನ ತಲೆ ಮತ್ತೊಬ್ಬನ ಮೊಣಕಾಲಿಗೆ ತಾಗುತ್ತದೆ. ಒಂದು ಗಳಿಗೆ ಅವನು ಮಂಕಾಗಿ ಕುಳಿತಿರುತ್ತಾನೆ. ಮುಖಕ್ಕೆ ನೀರು ತಟ್ಟಿ, "ಏನಾಯ್ತೋ?" ಎಂದು ಕೇಳಿದರೆ, "ಏನೂ ಇಲ್ಲ" ಎನ್ನುತ್ತಾನೆ. ರಕ್ತ ಸುರಿದಿಲ್ಲ, ಮೂಳೆ ಮುರಿದಿಲ್ಲ. ಆಟ ಮುಂದುವರಿಯುತ್ತದೆ.

ಆ "ಏನೂ ಇಲ್ಲ" ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಕಾಲು ಉಳುಕಿದವನು ಕಾಲಿನ ಸ್ಥಿತಿಯನ್ನು ಮಿದುಳಿನಿಂದ ಅರಿಯುತ್ತಾನೆ. ಮಿದುಳೇ ಅಲುಗಿದವನು ಏತರಿಂದ ಅರಿಯಬೇಕು? ಈ ತೊಡಕನ್ನು ಬಿಡಿಸುವುದೇ ನರಮನಶ್ಶಾಸ್ತ್ರಜ್ಞನ ಕೆಲಸ. ನೆನಪು, ಗಮನ, ಆಲೋಚನೆಯ ವೇಗ ಮುಂತಾದ ಮಿದುಳಿನ ಕಾರ್ಯಗಳನ್ನು ಅಳೆಯುವವನೇ ನರಮನಶ್ಶಾಸ್ತ್ರಜ್ಞ.

ವೈದ್ಯರು ಕನ್‌ಕಷನ್ ಎಂದು ಕರೆಯುವ ಈ ಪೆಟ್ಟಿನಲ್ಲಿ ನಡೆಯುವುದಾದರೂ ಏನು? ಸುಮಾರು 1,400 ಗ್ರಾಂ ತೂಕದ ಮೆತ್ತನೆಯ ಮಿದುಳು ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಹಠಾತ್ತನೆ ತಿರುಗಿದಾಗ ಅಥವಾ ತಡೆಯಲ್ಪಟ್ಟಾಗ ಮಿದುಳು ಬುರುಡೆಯೊಡನೆ ಹೆಜ್ಜೆ ಹಾಕಲಾರದು. ಅದರೊಳಗಿನ ನರತಂತುಗಳು ಜಗ್ಗಿದಂತಾಗುತ್ತವೆ. ನರಕೋಶಗಳ ಒಳಗಿರಬೇಕಾದ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಇವನ್ನು ಮತ್ತೆ ಸ್ವಸ್ಥಾನಕ್ಕೆ ತಳ್ಳಲು ಕೋಶಗಳು ಅವಿರತವಾಗಿ ದುಡಿಯಬೇಕು. ಆ ದುಡಿಮೆಗೆ ಗ್ಲೂಕೋಸು ಬೇಕು. ಆದರೆ ಅದೇ ಹೊತ್ತಿಗೆ ಮಿದುಳಿಗೆ ಹರಿಯುವ ರಕ್ತ ತಗ್ಗುತ್ತದೆ. ಖರ್ಚು ಏರಿ ವರಮಾನ ಕುಗ್ಗಿದ ಸಂಸಾರದಂತಾಗುತ್ತದೆ ಅದರ ಪಾಡು. ಹೀಗೆ ಇಲ್ಲಿ ಕೆಟ್ಟಿರುವುದು ಕಟ್ಟಡವಲ್ಲ, ಕಾರ್ಯ. ಆದುದರಿಂದಲೇ ಎಕ್ಸ್-ರೇಯಲ್ಲಿಯಾಗಲಿ ಸಿ.ಟಿ. ಸ್ಕ್ಯಾನಿನಲ್ಲಿಯಾಗಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಎಚ್ಚರ ತಪ್ಪಿದರೆ ಮಾತ್ರ ಪೆಟ್ಟು ದೊಡ್ಡದೆಂಬ ನಂಬಿಕೆಯೂ ಸರಿಯಲ್ಲ. ಕನ್‌ಕಷನ್ ಆದವರಲ್ಲಿ ಬಹುಪಾಲು ಮಂದಿಗೆ ಎಚ್ಚರ ತಪ್ಪುವುದೇ ಇಲ್ಲ.

ಕಾಣದುದನ್ನು ಅಳೆಯುವ ಬಗೆ ಹೇಗೆ? ಅಮೆರಿಕದ ವರ್ಜೀನಿಯ ವಿಶ್ವವಿದ್ಯಾನಿಲಯದ ನರಮನಶ್ಶಾಸ್ತ್ರಜ್ಞ ಜೆಫ್ರಿ ಬಾರ್ತ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಇದಕ್ಕೊಂದು ಸರಳವಾದ ಉಪಾಯವನ್ನು ಹೂಡಿದರು. ಎರಡು ಸಾವಿರಕ್ಕೂ ಮಿಕ್ಕ ಕಾಲೇಜು ಫುಟ್‌ಬಾಲ್ ಆಟಗಾರರನ್ನು, ಪೆಟ್ಟು ಬೀಳುವುದಕ್ಕೆ ಮೊದಲೇ, ಪರೀಕ್ಷಿಸಿ ಅಂಕಗಳನ್ನು ಬರೆದಿಟ್ಟುಕೊಂಡರು. ಬಳಿಕ ಪೆಟ್ಟು ಬಿದ್ದವರನ್ನು ಪುನಃ ಪರೀಕ್ಷಿಸಿದರು. ಅಂದರೆ ಆಟಗಾರನನ್ನು ಹೋಲಿಸುವುದು ಬೇರೊಬ್ಬನೊಡನೆ ಅಲ್ಲ, ನಿನ್ನೆಯ ಅವನೊಡನೆಯೇ. ಇಲ್ಲೊಂದು ಸ್ವಾರಸ್ಯವುಂಟು. ಒಂದೇ ಬಗೆಯ ಪರೀಕ್ಷೆಯನ್ನು ಎರಡನೆಯ ಸಲ ಬರೆಯುವ ಆರೋಗ್ಯವಂತನಿಗೆ ಅಭ್ಯಾಸಬಲದಿಂದ ಅಂಕಗಳು ಏರುತ್ತವೆ. ಪೆಟ್ಟು ತಿಂದವರಿಗೆ ಆ ಏರಿಕೆ ಇರಲಿಲ್ಲ. ಅಂಕ ಇಳಿಯದಿದ್ದರೂ, ಏರಬೇಕಾದಾಗ ಏರದಿರುವುದೇ ಕೊರತೆಯ ಗುರುತು! ಹೆಚ್ಚಿನವರು ಹತ್ತು ದಿನಗಳೊಳಗೆ ಮೊದಲಿನಂತಾದರು.

ಆಟಗಾರರೂ ಜಾಣರೇ. ಮುಂದೆ ಪೆಟ್ಟು ಬಿದ್ದಾಗ ವ್ಯತ್ಯಾಸ ಕಾಣಬಾರದೆಂದು ಮೊದಲ ಪರೀಕ್ಷೆಯಲ್ಲಿಯೇ ಬೇಕೆಂದು ತಪ್ಪು ಮಾಡುವವರಿದ್ದಾರೆ. ಇವರನ್ನು ಹಿಡಿಯಲು ಪರೀಕ್ಷೆಗಳಲ್ಲಿ ಬೇರೆ ಲೆಕ್ಕಾಚಾರಗಳಿವೆ.

ನಮ್ಮ ನಾಡಿನಲ್ಲಿ ಈ ಶಾಸ್ತ್ರಕ್ಕೆ ನೆಲೆಯಾದುದು ಬೆಂಗಳೂರಿನ ನಿಮ್ಹಾನ್ಸ್. 1974ರಲ್ಲಿ ರೂಪುಗೊಂಡ ಆ ಸಂಸ್ಥೆಯಲ್ಲಿ ಶೋಭಿನಿ ರಾವ್, ಡಿ. ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ ಇವರು ಸಿದ್ಧಪಡಿಸಿದ ಪರೀಕ್ಷಾಮಾಲೆ 2004ರಲ್ಲಿ ಪ್ರಕಟವಾಯಿತು. ಅದು ಕ್ರೀಡಾಪಟುಗಳಿಗೆಂದೇ ರಚಿತವಾದುದಲ್ಲ. ಆದರೆ ಅಳೆಯಬೇಕಾದ ಶಕ್ತಿಗಳು ಅವೇ. ಉದಾಹರಣೆಗೆ, ನಿತ್ಯಬಳಕೆಯ ಹದಿನೈದು ಪದಗಳನ್ನು ಐದು ಸಲ ಓದಿ ಹೇಳಿ, ಪ್ರತಿಸಲವೂ ನೆನಪಿನಿಂದ ಹೇಳಿಸುತ್ತಾರೆ. ನಡುವೆ ಬೇರೊಂದು ಪಟ್ಟಿಯನ್ನು ತಂದು ಗೊಂದಲಪಡಿಸಿ, ಸ್ವಲ್ಪ ಹೊತ್ತಿನ ಮೇಲೆ ಮೊದಲನೆಯದನ್ನು ಮತ್ತೆ ಕೇಳುತ್ತಾರೆ. ಈ ಮಾಲೆಯಲ್ಲಿ ಓದುಬರಹ ಅರಿಯದವರಿಗೆ, ಶಾಲೆ ಕಲಿತವರಿಗೆ, ಕಾಲೇಜು ಕಲಿತವರಿಗೆ ಬೇರೆ ಬೇರೆ ಮಾನದಂಡಗಳಿವೆ. ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಅಮೆರಿಕದ ಕಾಲೇಜು ಹುಡುಗನ ಅಂಕಗಳನ್ನು ಮುಂದಿಟ್ಟುಕೊಂಡು ಚಂದ್ರಗುತ್ತಿಯ ರೈತನ ಮಗನನ್ನು ಅಳೆದರೆ, ಪೆಟ್ಟಿಲ್ಲದವನಿಗೂ ಪೆಟ್ಟನ್ನು ಆರೋಪಿಸಿದಂತಾದೀತು.

ಪೆಟ್ಟನ್ನು ಮುಚ್ಚಿಡುವುದಕ್ಕೆ ಹುಂಬತನವೊಂದೇ ಕಾರಣವಲ್ಲ. 2021ರ ಆಗಸ್ಟಿನಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಮೊದಲ ಟೆಸ್ಟಿಗೆ ಅಭ್ಯಾಸ ನಡೆಸುತ್ತಿದ್ದ ನಮ್ಮ ಮಯಾಂಕ್ ಅಗರ್ವಾಲರ ಹೆಲ್ಮೆಟ್ಟಿಗೆ ಮಹಮ್ಮದ್ ಸಿರಾಜರ ಚೆಂಡು ಬಡಿಯಿತು. ಕನ್‌ಕಷನ್ ಪರೀಕ್ಷೆಯ ಬಳಿಕ ವೈದ್ಯರು ಅವರನ್ನು ಆ ಟೆಸ್ಟಿನಿಂದ ಹಿಂದಕ್ಕೆ ಸರಿಸಿದರು. ಆ ಸ್ಥಾನದಲ್ಲಿ ಆಡಿದವರು ಕರ್ನಾಟಕದವರೇ ಆದ ಕೆ. ಎಲ್. ರಾಹುಲ್, ಮೊದಲ ಸರದಿಯಲ್ಲಿ 84, ಮುಂದಿನ ಟೆಸ್ಟಿನಲ್ಲಿ 129 ಓಟ. ಆ ಸರಣಿಯಲ್ಲಿ ಮಯಾಂಕರಿಗೆ ಮತ್ತೆ ಅವಕಾಶ ದೊರೆಯಲಿಲ್ಲ. ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ ಅವರು 150 ಬಾರಿಸಿದರೆಂಬುದು ನಿಜ. ಆದರೂ ಸ್ಥಾನ ಕಳೆದುಹೋಗುವ ಭಯ ಆಧಾರವಿಲ್ಲದ್ದಲ್ಲ ಎಂಬುದನ್ನು ಒಪ್ಪಲೇಬೇಕು. ಆಡಬೇಕೆ ಬೇಡವೆ ಎಂಬ ತೀರ್ಮಾನವನ್ನು ಆಟಗಾರನ ಹೆಗಲಿನಿಂದ ಇಳಿಸಬೇಕೆನ್ನುವುದು ಇದಕ್ಕಾಗಿಯೇ.

ಪೂರ್ವಪರೀಕ್ಷೆಯ ಅಂಕಗಳಾಗಲಿ ತಜ್ಞರಾಗಲಿ ಇಲ್ಲದ ಹಳ್ಳಿಯ ಅಂಕಣದಲ್ಲಿ ಏನು ಮಾಡಬೇಕು? "ನಿನ್ನ ಹೆಸರೇನು? ನಿನಗೆಷ್ಟು ವರ್ಷ?" ಎಂದು ಕೇಳುವುದು ವಾಡಿಕೆ. ಇದರಿಂದ ಪ್ರಯೋಜನವಿಲ್ಲ. ಆಸ್ಟ್ರೇಲಿಯದ ಡೇವಿಡ್ ಮ್ಯಾಡಕ್ಸ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿಕೊಟ್ಟಂತೆ, ಪೆಟ್ಟು ತಿಂದವನೂ ಹೆಸರು, ವಯಸ್ಸುಗಳನ್ನು ಸರಿಯಾಗಿಯೇ ಹೇಳುತ್ತಾನೆ. ಎಡವುವುದು ತೀರ ಈಚಿನ ಸಂಗತಿಗಳಲ್ಲಿ. ಹಳೆಯ ನೆನಪುಗಳು ಬೇರೂರಿವೆ, ಹೊಸವು ಇನ್ನೂ ನಾಟಿಯ ಸಸಿಗಳು. ಆದುದರಿಂದ ಕೇಳಬೇಕಾದದ್ದು ಹೀಗೆ: ನಾವೀಗ ಯಾವ ಊರಿನ ಅಂಕಣದಲ್ಲಿದ್ದೇವೆ? ಇದು ಮೊದಲರ್ಧವೋ ಎರಡನೆಯದೋ? ಕೊನೆಯ ಅಂಕ ಯಾರದು? ಹಿಂದಿನ ಪಂದ್ಯ ಯಾರೊಡನೆ ಆಡಿದೆವು, ಗೆದ್ದೆವೋ ಸೋತೆವೋ? ಒಂದಕ್ಕೆ ತಪ್ಪಿದರೂ ಅವನನ್ನು ಹೊರಗೆ ಕೂರಿಸಬೇಕು. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದರೂ, ತಲೆನೋವು, ತಲೆಸುತ್ತು, ಮಂಕುತನಗಳಲ್ಲಿ ಯಾವುದಾದರೊಂದು ಇದ್ದರೆ ಆ ದಿನ ಆಟವಿಲ್ಲ. ಚೇತರಿಸಿಕೊಳ್ಳದ ಮಿದುಳಿಗೆ ಮತ್ತೊಂದು ಪೆಟ್ಟು ಬಿದ್ದಾಗ ಮಿದುಳು ಬಾತು ಎಳೆಯ ಆಟಗಾರರು ಸತ್ತ ನಿದರ್ಶನಗಳು, ಅಪರೂಪವಾದರೂ, ಉಂಟು.

ಕತ್ತಲೆಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿ ಈಗ ಹಿಂದಾಗಿದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರ ಅಭಿಪ್ರಾಯದಂತೆ, ಎರಡು ದಿನ ಹಗುರವಾದ ವಿಶ್ರಾಂತಿ ಸಾಕು; ನಿಧಾನದ ನಡಿಗೆಗೆ ಅಡ್ಡಿಯಿಲ್ಲ. ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು: ನಡಿಗೆ, ಓಟ, ಒಂಟಿಯಾಗಿ ಅಭ್ಯಾಸ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಮೈಗೆ ಮೈ ತಾಗುವ ಆಟ ವೈದ್ಯರ ಒಪ್ಪಿಗೆಯ ನಂತರವೇ. ವಿದ್ಯಾರ್ಥಿಯಾದರೆ ಅವನು ಮೊದಲು ಪೂರ್ತಿಯಾಗಿ ಪಾಠಕ್ಕೆ ಮರಳಿರಬೇಕು.

ಇಷ್ಟೆಲ್ಲ ಹೇಳಿದುದು ಕನ್‌ಕಷನ್ನಿನ ಮಾತಾಯಿತು. ತಲೆನೋವು ಹೊತ್ತಿನಿಂದ ಹೊತ್ತಿಗೆ ಏರುತ್ತಿದ್ದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದಂಥ ತೂಕಡಿಕೆ ಬಂದರೆ, ಫಿಟ್ಸ್ ಬಂದರೆ, ಕಣ್ಣಿನ ಒಂದು ಪಾಪೆ ಮತ್ತೊಂದಕ್ಕಿಂತ ದೊಡ್ಡದಾಗಿ ತೋರಿದರೆ, ಬುರುಡೆಯೊಳಗೆ ರಕ್ತ ಸೋರುತ್ತಿರಬಹುದು. ಆಗ ಪ್ರಶ್ನೆಗಳನ್ನು ಕೇಳುತ್ತ ಕೂರಬಾರದು. ಬೆಳಗಾಗಲೆಂದು ಕಾಯದೆ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಆ ರಾತ್ರಿಯೇ ಸಾಗಿಸಬೇಕು.