ಬಾಗಿಲಿಗೆ ಬಂದ ಮಳೆ ನೀರು: ಮರಳು ಚೀಲ ಜೋಡಿಸುವ ಸರಿಯಾದ ಬಗೆ



ನಮ್ಮ ಜಿಲ್ಲೆಯಲ್ಲಿ ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಉತ್ತರೆ, ಹಸ್ತ, ಚಿತ್ತ ಮಳೆಗಳು ಹದವಾಗಿ ಬಂದರೆ ರಾಗಿಗೆ ಒಳ್ಳೆಯದು, ಮೇವಿಗೆ ಒಳ್ಳೆಯದು, ಕೆರೆಗೂ ಒಳ್ಳೆಯದು. ಆದರೆ ಅದೇ ಮಳೆ ಸಂಜೆ ಒಂದೆರಡು ಗಂಟೆಯಲ್ಲಿ ಒಟ್ಟಿಗೆ ಸುರಿದರೆ ಚರಂಡಿ ತುಂಬಿ ನೀರು ಮನೆಯೊಳಗೆ, ಕೊಟ್ಟಿಗೆಯೊಳಗೆ ನುಗ್ಗುತ್ತದೆ. 2022ರಲ್ಲಿ ಜಿಲ್ಲೆಯ ಹಲವು ಕೆರೆಗಳು ಕೋಡಿ ಬಿದ್ದದ್ದು ನಿಮಗೆಲ್ಲ ನೆನಪಿದೆ. ಬಾಗಿನ ಬಿಟ್ಟು ಸಂತೋಷಪಟ್ಟ ವರ್ಷವೇ ತಗ್ಗಿನ ಮನೆಗಳವರು ರಾತ್ರಿಯೆಲ್ಲ ನೀರು ಎತ್ತಿ ಹಾಕಿದರು.

ಇಂಥ ಸಮಯಕ್ಕೆ ಹೆಚ್ಚು ಖರ್ಚಿಲ್ಲದೆ ಕೈಗೆ ಸಿಗುವ ರಕ್ಷಣೆ ಮರಳು ಚೀಲ. ಅದನ್ನು ಸರಿಯಾಗಿ ಇಟ್ಟರೆ ಒಂದು ಅಡಿಯವರೆಗಿನ ನೀರನ್ನು ಬಾಗಿಲಲ್ಲೇ ತಡೆಯಬಹುದು. ತಪ್ಪಾಗಿ ಇಟ್ಟರೆ ಪಟ್ಟ ಶ್ರಮವೂ ಹೋಯಿತು, ಮೇವೂ ಹೋಯಿತು.

ನೀರು ಎಲ್ಲಿಂದ ಬರುತ್ತದೆ?

ಮೊದಲು ಒಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 30x40 ಅಡಿಯ ಒಂದು ನಿವೇಶನದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್ ಆಯಿತು. 40 ಲೀಟರಿನ ಹಾಲಿನ ಕ್ಯಾನಿನಲ್ಲಿ ಅಳೆದರೆ 135ಕ್ಕೂ ಹೆಚ್ಚು ಕ್ಯಾನ್. ಇದು ಒಂದೇ ನಿವೇಶನದ ನೀರು. ಬೀದಿಯಲ್ಲಿ ಐವತ್ತು ಮನೆಗಳಿದ್ದು, ಅಂಗಳಕ್ಕೆಲ್ಲ ಸಿಮೆಂಟು ಬಳಿದಿದ್ದರೆ, ಇಂಗಲು ಜಾಗವಿಲ್ಲದೆ ಅಷ್ಟೂ ನೀರು ತಗ್ಗಿನ ಮನೆಯ ಕಡೆಗೇ ಹರಿಯುತ್ತದೆ.

ತುಮಕೂರು ನಗರದಲ್ಲಿ, ನಗರದ ಅಂಚಿನ ಬಡಾವಣೆಗಳಲ್ಲಿ ಹಸು ಕಟ್ಟಿಕೊಂಡವರಿಗೆ ತೊಂದರೆ ಕೊಡುವುದು ಹೆಚ್ಚಾಗಿ ಈ ಬೀದಿಯ ನೀರು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಎಷ್ಟೋ ಹಳೆಯ ಮನೆಗಳ ಹೊಸಿಲು ರಸ್ತೆಗಿಂತ ಕೆಳಗಾಗಿದೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಬೀದಿಯ ನೀರಿನ ಜೊತೆಗೆ ಕೆರೆಯ ಕೋಡಿ ನೀರು, ಹಳ್ಳದ ನೀರು ಸೇರಿಕೊಳ್ಳುತ್ತದೆ. ಶಿಂಷಾ ನದಿ ದೇವರಾಯನದುರ್ಗದ ಕಡೆ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬ ಕೆರೆಯ ಮೂಲಕ ಹಾದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತದೆ. ಮಾರ್ಕೋನಹಳ್ಳಿಯಲ್ಲಿ ಸೈಫನ್‌ಗಳಿವೆ. ನೀರು ತನ್ನ ಮಟ್ಟ ದಾಟಿದ ಕೂಡಲೇ ಯಾರೂ ಗೇಟು ಎತ್ತದೆಯೇ ತಾವಾಗಿ ಹರಿಯತೊಡಗುತ್ತವೆ. ಹಾಗಾಗಿ ಅದರ ಕೆಳಗಿನ ಹೊಳೆದಂಡೆಯಲ್ಲಿ ದನ ಮೇಯಿಸುವವರು, ಮೇವು ಬೆಳೆಯುವವರು ನಿಮ್ಮೂರಿನಲ್ಲಿ ಮಳೆ ಇಲ್ಲದ ದಿನವೂ ಎಚ್ಚರದಿಂದ ಇರಬೇಕು.

ಈ ಎರಡು ಬಗೆಯ ನೀರಿನ ವ್ಯತ್ಯಾಸ ತಿಳಿದಿರಲಿ. ಬೀದಿಯ ನೀರು ಒಂದೆರಡು ಗಂಟೆ ನಿಂತು ಇಳಿದುಹೋಗುತ್ತದೆ. ಅದಕ್ಕೆ ಮರಳು ಚೀಲ ಸಾಕು. ಕೆರೆ ಏರಿ ಒಡೆದ ನೀರಿಗೆ, ಉಕ್ಕಿದ ಹೊಳೆಗೆ ಮನೆ ಬಾಗಿಲಿನ ಮರಳು ಚೀಲ ಏನೂ ಅಲ್ಲ. ಆಗ ಜನ, ದನ ಎಲ್ಲ ಎತ್ತರಕ್ಕೆ ಹೋಗುವುದೊಂದೇ ದಾರಿ.

ಚೀಲ ಯಾವುದು, ತುಂಬುವುದು ಏನು?

ಹಿಂಡಿ, ಬೂಸ, ಪಶು ಆಹಾರದ ಖಾಲಿ ಚೀಲಗಳು ನಮ್ಮ ಮನೆಗಳಲ್ಲಿ ಇದ್ದೇ ಇರುತ್ತವೆ. ಆದರೆ 50 ಕಿಲೋ ಪಶು ಆಹಾರದ ಚೀಲಕ್ಕೆ ಬಾಯಿತನಕ ಮರಳು ತುಂಬಿದರೆ ನೂರು ಕಿಲೋ ದಾಟುತ್ತದೆ, ಅದನ್ನು ಯಾರೂ ಎತ್ತಲಾರರು. ಅದನ್ನು ಅಡ್ಡಕ್ಕೆ ಕತ್ತರಿಸಿ, ತೆರೆದ ಕಡೆಯನ್ನು ದಬ್ಬಳದಿಂದ ಹೊಲಿದುಕೊಂಡರೆ ಒಂದರಲ್ಲಿ ಎರಡು ಚೀಲ ಆಗುತ್ತವೆ. ಸಿಮೆಂಟಿನ ಖಾಲಿ ಚೀಲ ಅಳತೆಗೆ ಚಿಕ್ಕದು, ಕತ್ತರಿಸುವ ಕೆಲಸವಿಲ್ಲ.

ಒಂದು ಎಚ್ಚರಿಕೆ: ಯೂರಿಯಾ ಚೀಲವನ್ನು ಕೊಟ್ಟಿಗೆಯ ಹತ್ತಿರ ಬಳಸಬೇಡಿ. ಚೀಲಕ್ಕೆ ಅಂಟಿದ ಯೂರಿಯಾವನ್ನು ಹಸು ನೆಕ್ಕಿದರೆ ವಿಷವಾಗುತ್ತದೆ. ಪಶು ಆಹಾರದ ಚೀಲವನ್ನೂ ಚೆನ್ನಾಗಿ ಕೊಡವಿ ಬಳಸಿ. ಇಲ್ಲದಿದ್ದರೆ ಇಲಿ ಬಂದು ಚೀಲ ಕಚ್ಚುತ್ತದೆ.

ತುಂಬಲು ಎಂ-ಸ್ಯಾಂಡ್ ಒಳ್ಳೆಯದು. ಮರಳು ಸಿಗದಿದ್ದರೆ ಹೊಲದ ಕೆಂಪು ಮಣ್ಣೂ ಆಗುತ್ತದೆ, ಕಲ್ಲು, ಬೇರು, ಹೆಂಟೆ ತೆಗೆದು ತುಂಬಿ. ಜಲ್ಲಿ ತುಂಬಿದರೆ ನೀರು ಸಂದಿಯಿಂದ ನುಗ್ಗುತ್ತದೆ. ಕೆರೆಯ ಗೋಡು ಒಣಗಿದಾಗ ಹೆಂಟೆಯಾಗಿ, ನೆನೆದಾಗ ಅಂಟಾಗಿ ಚೀಲ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಅದೊಂದನ್ನೇ ತುಂಬದೆ ಮರಳು ಬೆರೆಸಿಕೊಳ್ಳಿ.

ಎಷ್ಟು ತುಂಬಬೇಕು? ಹೆಚ್ಚಿನವರು ತಪ್ಪುವುದು ಇಲ್ಲೇ. ಗಟ್ಟಿಯಾಗಿರಲಿ ಎಂದು ಬಿಗಿಯಾಗಿ ತುಂಬಿ, ಬಾಯಿ ಬಿಗಿದು ಕಟ್ಟುತ್ತಾರೆ. ಬಿಗಿಯಾದ ಚೀಲ ಕುಂಬಳಕಾಯಿಯಂತೆ ಉರುಟಾಗಿ ನಿಲ್ಲುತ್ತದೆ, ಎರಡು ಚೀಲದ ನಡುವೆ ಸಂದಿ ಬಿಡುತ್ತದೆ. ಚೀಲ ಅರ್ಧಕ್ಕಿಂತ ಹೆಚ್ಚು ತುಂಬದೆ ಸಡಿಲವಾಗಿರಬೇಕು. ತುಳಿದರೆ ಚಪ್ಪಟೆಯಾಗಿ ಪಕ್ಕದ ಚೀಲಕ್ಕೆ ಒತ್ತಿಕೊಳ್ಳಬೇಕು. ಸಿಮೆಂಟಿನ ಚೀಲದಲ್ಲಿ ಮೂರನೇ ಒಂದು ಭಾಗ ಮರಳು ಸಾಕು. ತೂಕ 15ರಿಂದ 18 ಕಿಲೋ ಇದ್ದರೆ ಒಬ್ಬ ಹೆಂಗಸು ಸೊಂಟ ನೋಯಿಸಿಕೊಳ್ಳದೆ ಎತ್ತಿಡಬಹುದು. ಬಾಯಿಯನ್ನು ಕಟ್ಟುವ ಬದಲು ಮಡಿಸಿ ಚೀಲದ ಅಡಿಗೆ ಸೇರಿಸಿ. ಚೀಲದ ಭಾರಕ್ಕೇ ಅದು ಮುಚ್ಚಿಕೊಳ್ಳುತ್ತದೆ.

ಜೋಡಿಸುವ ಕ್ರಮ

1. ಚೀಲ ಇಡುವ ಜಾಗದಲ್ಲಿ ಕಸ, ಹುಲ್ಲು, ಸಡಿಲ ಮಣ್ಣು ಗುಡಿಸಿ. ಕಸದ ಮೇಲೆ ಇಟ್ಟರೆ ನೀರು ಅಡಿಯಿಂದ ನುಸುಳುತ್ತದೆ.

2. ಹಳೆಯ ಟಾರ್ಪಾಲು ಅಥವಾ ರಸಮೇವಿಗೆ ಬಳಸಿದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ. ಅದರ ಒಂದು ಅಂಚು ಮೊದಲ ಸಾಲಿನ ಚೀಲಗಳ ಅಡಿಯಲ್ಲಿರಲಿ. ಉಳಿದದ್ದನ್ನು ನೀರು ಬರುವ ಕಡೆಗೆ ಬಿಟ್ಟಿರಿ.

3. ಚೀಲಗಳನ್ನು ಬಾಗಿಲಿಗೆ ಅಡ್ಡಲಾಗಿ, ಉದ್ದುದ್ದಕ್ಕೆ ಮಲಗಿಸಿ. ಮಡಿಸಿದ ಬಾಯಿ ನೀರು ಬರುವ ದಿಕ್ಕಿಗಿರಲಿ. ಮುಂದಿನ ಚೀಲದ ತಳ ಹಿಂದಿನ ಚೀಲದ ಬಾಯಿಯ ಮೇಲೆ ಸ್ವಲ್ಪ ಹತ್ತಿ ಕೂರಲಿ.

4. ಒಂದು ಸಾಲು ಮುಗಿದ ಮೇಲೆ ಕಾಲಿನಿಂದ ಚೆನ್ನಾಗಿ ತುಳಿಯಿರಿ. ಆಮೇಲೆ ಮೇಲಿನ ಸಾಲು ಇಡಿ.

5. ಇಟ್ಟಿಗೆ ಗೋಡೆ ಕಟ್ಟುವಂತೆ, ಕೆಳಗಿನ ಎರಡು ಚೀಲಗಳ ಸಂದಿಯ ಮೇಲೆ ಮೇಲಿನ ಚೀಲದ ನಡುಭಾಗ ಬರಬೇಕು. ಸಂದಿಯ ಮೇಲೆ ಸಂದಿ ಬಂದರೆ ನೀರಿಗೆ ಅದೇ ದಾರಿ.

6. ಅಡಿ ಅಗಲ, ತುದಿ ಕಿರಿದು. ಎತ್ತರ ಒಂದು ಅಡಿ ಬೇಕಾದರೆ ಬುಡ ಎರಡು-ಮೂರು ಅಡಿ ಅಗಲ ಇರಬೇಕು. ಒಂದೇ ಸಾಲಿನಲ್ಲಿ ನೆಟ್ಟಗೆ ಪೇರಿಸಿದ ಚೀಲಗಳನ್ನು ನೀರು ದಬ್ಬಿ ಬೀಳಿಸುತ್ತದೆ.

7. ಕೊನೆಗೆ ಹೊರಗೆ ಬಿಟ್ಟಿದ್ದ ಹಾಳೆಯನ್ನು ಚೀಲಗಳ ಮೇಲೆ ಹೊದಿಸಿ, ಮೇಲಿನಿಂದ ಒಂದೆರಡು ಚೀಲ ಹೇರಿ. ಹಾಳೆ ಬಿಗಿಯಾಗಿ ಎಳೆದಂತಿರಬಾರದು. ಸ್ವಲ್ಪ ಸಡಿಲವಿದ್ದರೆ ನೀರೇ ಅದನ್ನು ಚೀಲಕ್ಕೆ ಒತ್ತಿ ಹಿಡಿಯುತ್ತದೆ.

ನಾಲ್ಕು ಅಡಿ ಅಗಲದ ಬಾಗಿಲಿಗೆ ಅತ್ತಿತ್ತ ಒಂದೊಂದು ಅಡಿ ಗೋಡೆಗೆ ಒತ್ತಿ ಇಡಬೇಕು. ಒಟ್ಟು ಆರು ಅಡಿ ಉದ್ದ. ಸಾಲಿಗೆ 4 ಚೀಲ. ಅಡಿಯಲ್ಲಿ 3 ಸಾಲು, ಅದರ ಮೇಲೆ 2, ತುದಿಗೆ 1. ಹೀಗೆ 24 ಚೀಲಗಳಾದರೆ ಸುಮಾರು ಒಂದು ಅಡಿ ಎತ್ತರ ಬರುತ್ತದೆ. ಒಟ್ಟು ಮರಳು ಹತ್ತಿರ ಹತ್ತಿರ 400 ಕಿಲೋ. ಮಳೆ ಶುರುವಾದ ಮೇಲೆ ಕತ್ತಲಲ್ಲಿ ಮಾಡುವ ಕೆಲಸ ಇದಲ್ಲ. ಬಿಸಿಲಿರುವಾಗಲೇ ತುಂಬಿ, ಸೂರಿನಡಿ ನೆರಳಲ್ಲಿ ಇಡಿ. ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಯಾಗುತ್ತದೆ. ಗೋಣಿಚೀಲ ತೇವಕ್ಕೆ ಕೊಳೆಯುತ್ತದೆ.

ಅಂಗಡಿ ಇಟ್ಟುಕೊಂಡವರಿಗೂ ಇದೇ ಕ್ರಮ. ಶಟರ್ ಎಳೆದು ಬೀಗ ಹಾಕಿದ ಮೇಲೆ ಹೊರಗಡೆಯಿಂದ ಹಾಳೆ ಹಾಸಿ ಚೀಲ ಇಡಿ. ಹಾಲಿನ ಡೇರಿಯಲ್ಲಿ ಬಾಗಿಲಿಗೆ ಚೀಲ ಇಡುವ ಮೊದಲು ತೂಕದ ಯಂತ್ರ, ಪರೀಕ್ಷಾ ಯಂತ್ರ, ಲೆಕ್ಕದ ಪುಸ್ತಕಗಳನ್ನು ಮೇಜಿನ ಮೇಲೇರಿಸಿ.

ಕೊಟ್ಟಿಗೆಗೆ ಬೇರೆ ಎಚ್ಚರ

ಬಾಗಿಲು ಮುಚ್ಚಿದರೂ ನೀರು ಹಿಂದಿನಿಂದ ಬರಬಹುದು. ಗಂಜಲ ಹರಿದುಹೋಗುವ ಕಾಲುವೆ, ಬಚ್ಚಲ ತೂಬು, ಶೌಚಾಲಯದ ಗುಂಡಿ, ಇವು ಹೊರಗಿನ ಚರಂಡಿ ತುಂಬಿದಾಗ ಒಳಕ್ಕೆ ಉಕ್ಕುತ್ತವೆ. ಸಣ್ಣ ಚೀಲವೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತೂಬಿನ ಬಾಯಿಗೆ ಒತ್ತಿ ಇಡಿ. ಮಳೆ ನಿಂತ ಮೇಲೆ ತೆಗೆಯಲು ಮರೆಯಬೇಡಿ.

ಕೊಟ್ಟಿಗೆಗೆ ಒಂದೇ ಬಾಗಿಲಿದ್ದರೆ ದನ ಒಳಗಿಟ್ಟು ಅದನ್ನು ಚೀಲದಿಂದ ಮುಚ್ಚಬೇಡಿ. ನೀರು ಏರಿದರೆ ಬೆದರಿದ ಹಸು ಚೀಲದ ಮೇಲೆ ಕಾಲು ಜಾರಿ ಬೀಳುತ್ತದೆ. ಮಳೆ ಬಲವಾಗುವ ಮೊದಲೇ ಹಸು, ಕರುಗಳನ್ನು ಎತ್ತರದ ಜಾಗಕ್ಕೆ ಕಟ್ಟಿ, ಆಮೇಲೆ ಬಾಗಿಲಿಗೆ ಚೀಲ ಹಾಕಿ. ಮಳೆಯ ರಾತ್ರಿಗಳಲ್ಲಿ ಹಗ್ಗಕ್ಕೆ ಎಳೆದರೆ ಬಿಚ್ಚುವ ಜಾರುಗಂಟು ಹಾಕಿ. ಕೈಗೆ ಸಿಗುವಲ್ಲಿ ಒಂದು ಕುಡುಗೋಲು ಇರಲಿ.

ಚೀಲದ ಗೋಡೆ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ನೀರು ಜಿನುಗುತ್ತದೆ. ಒಳಗೆ ಸಣ್ಣ ಗುಂಡಿ ಮಾಡಿ ಬಕೆಟ್ಟಿನಲ್ಲಿ ತೋಡಿ ಹಾಕುತ್ತಿರಿ. ಆದ್ದರಿಂದ ಹಿಂಡಿ, ಬೂಸದ ಮೂಟೆ ನೆಲದ ಮೇಲೆ ಇರಬಾರದು. ಅಟ್ಟದಲ್ಲಿ ಕೊಬ್ಬರಿಯ ಪಕ್ಕದಲ್ಲಿ ಜಾಗವಿದ್ದರೆ ಅಲ್ಲಿಡಿ, ಇಲ್ಲವೇ ಹಲಗೆ, ಕಲ್ಲಿನ ಮೇಲೆ ಏರಿಸಿ. ಒದ್ದೆಯಾಗಿ ಬೂಷ್ಟು ಹಿಡಿದ ಮೇವು, ಹಿಂಡಿಯನ್ನು ಹಸುವಿಗೆ ಹಾಕಬೇಡಿ. ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ.

ಎಲ್ಲಿಗೆ ನಿಲ್ಲಿಸಬೇಕು?

ನೀರಿನ ಆಳ ಎರಡು ಪಟ್ಟಾದರೆ ಅದು ಗೋಡೆಯನ್ನು ದಬ್ಬುವ ಬಲ ನಾಲ್ಕು ಪಟ್ಟಾಗುತ್ತದೆ. ಹೊರಗೆ ನೀರು ಎರಡು ಅಡಿಗೆ ಏರುತ್ತಿದ್ದರೆ ಇನ್ನಷ್ಟು ಚೀಲ ಪೇರಿಸಲು ಹೋಗಬೇಡಿ. ಮಣ್ಣಿನ ಗೋಡೆ, ಹಸಿ ಇಟ್ಟಿಗೆಯ ಗೋಡೆಯಾದರೆ ಅದಕ್ಕೂ ಮೊದಲೇ ಕುಸಿಯಬಹುದು. ಮೇನ್ ಸ್ವಿಚ್ ಆಫ್ ಮಾಡಿ, ಮಕ್ಕಳು, ಹಿರಿಯರು, ದನಗಳೊಂದಿಗೆ ಹೊರಡಿ. ನೀರು ನೆಲಕ್ಕೆ ಬಂದಾಗಿದ್ದರೆ ಒದ್ದೆ ಕಾಲಲ್ಲಿ ಸ್ವಿಚ್ ಮುಟ್ಟದೆ ಬೆಸ್ಕಾಂ 1912ಕ್ಕೆ ಕರೆ ಮಾಡಿ. ರಭಸದಿಂದ ಹರಿಯುವ ನೀರು ಪಾದ ಮುಳುಗುವಷ್ಟಿದ್ದರೂ ದೊಡ್ಡವರನ್ನೇ ಬೀಳಿಸಬಲ್ಲದು. ಹಾಲಿನ ಕ್ಯಾನು ಹಿಡಿದು ಅದನ್ನು ದಾಟಬೇಡಿ. ಒಂದು ಹೊತ್ತಿನ ಹಾಲು ಹೋದರೆ ಹೋಗಲಿ.

ನೆರೆಯವರ ಮಾತು

ನೀವು ತಡೆದ ನೀರು ಮಾಯವಾಗುವುದಿಲ್ಲ, ಪಕ್ಕದ ಮನೆಗೆ ಹೋಗುತ್ತದೆ. ಬೀದಿಗೆ ಅಡ್ಡಲಾಗಿ, ಚರಂಡಿಗೆ, ರಾಜಕಾಲುವೆಗೆ ಅಡ್ಡಲಾಗಿ ಚೀಲ ಇಟ್ಟರೆ ಕೆಳಗಿನ ಮನೆಯ ಅಕ್ಕನ ಕೊಟ್ಟಿಗೆ ಮುಳುಗುತ್ತದೆ. ಚೀಲ ಇಡುವುದು ನಿಮ್ಮ ಹೊಸಿಲಿಗೆ ಮಾತ್ರ. ನೀರಿಗೆ ಚರಂಡಿಯ ದಾರಿ ತೆರೆದಿರಲಿ. ಮಳೆಗೆ ಮೊದಲು ಬೀದಿಯವರೆಲ್ಲ ಸೇರಿ ಚರಂಡಿಯ ಪ್ಲಾಸ್ಟಿಕ್ಕು, ತೆಂಗಿನ ಗರಿ, ಹುಲ್ಲು ತೆಗೆದರೆ ಎಷ್ಟೋ ಮನೆಗೆ ಚೀಲವೇ ಬೇಕಾಗುವುದಿಲ್ಲ. ಚರಂಡಿ ಕಟ್ಟಿಕೊಂಡಿದ್ದರೆ ನಗರದವರು ಮಹಾನಗರ ಪಾಲಿಕೆಗೆ, ಪಟ್ಟಣದವರು ಪಟ್ಟಣ ಪಂಚಾಯಿತಿ ಅಥವಾ ಪುರಸಭೆಗೆ, ಹಳ್ಳಿಯವರು ಗ್ರಾಮ ಪಂಚಾಯಿತಿಗೆ ಬರೆದು ಕೊಡಿ. ಒಬ್ಬರ ಸಹಿಗಿಂತ ಸಂಘದ ಹತ್ತು ಸದಸ್ಯೆಯರ ಸಹಿಗೆ ತೂಕ ಹೆಚ್ಚು.

ನೀರು ಇಳಿದ ಮೇಲೆ

ಬೀದಿಯ ನೀರಿನಲ್ಲಿ ಚರಂಡಿಯ ಕೊಳಕು ಬೆರೆತಿರುತ್ತದೆ. ನೆನೆದ ಚೀಲವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಆ ಮರಳಿನಲ್ಲಿ ಮಕ್ಕಳು ಆಡದಿರಲಿ, ಅದನ್ನು ಕೊಟ್ಟಿಗೆಯ ನೆಲಕ್ಕೆ ಹಾಸಬೇಡಿ. ಇಲಿ ಜ್ವರ ಹರಡುವುದು ಇಂಥ ನೀರಿನಿಂದಲೇ. ಕೊಟ್ಟಿಗೆ ತೊಳೆದು ಬ್ಲೀಚಿಂಗ್ ಪುಡಿ ಹಾಕಿ, ಒಣಗಿದ ಮೇಲೆ ದನ ಕಟ್ಟಿ. ಒದ್ದೆ ನೆಲದಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು, ಗೊರಸು ಕೊಳೆಯುವ ತೊಂದರೆ ಬರುತ್ತದೆ. ಕೆಚ್ಚಲನ್ನು ಶುದ್ಧ ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ ಹಾಲು ಕರೆಯಿರಿ. ಜ್ವರ ಬಂದರೆ, ಗಂಟಲು ಊದಿದರೆ ತಡಮಾಡದೆ ಪಶುವೈದ್ಯರಿಗೆ ತಿಳಿಸಿ. ಪಶು ಸಹಾಯವಾಣಿ 1962. ಜೀವಕ್ಕೆ ಅಪಾಯವಿದ್ದರೆ 112, ಜಿಲ್ಲಾ ವಿಪತ್ತು ಸಹಾಯವಾಣಿ 1077.

ರಾಸು ವಿಮೆಯ ಪತ್ರ, ಕಿವಿಯೋಲೆಯ ಸಂಖ್ಯೆ, ಡೇರಿಯ ಪಾಸ್‌ಪುಸ್ತಕ, ಸಂಘದ ಸಾಲದ ಕಾಗದ, ಇಷ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎತ್ತರದಲ್ಲಿಡಿ. ಹಸು ಹೋದ ಮೇಲೆ ವಿಮೆ ಕೇಳಲು ಬೇಕಾಗುವುದು ಇವೇ.

ಮುಂದಿನ ಸಂಘದ ಸಭೆಯಲ್ಲಿ ಒಂದು ವಿಷಯ ಮಾತಾಡಿಕೊಳ್ಳಿ: ನಿಮ್ಮ ಬೀದಿಯಲ್ಲಿ ಯಾರ ಮನೆ ಎಲ್ಲಕ್ಕಿಂತ ತಗ್ಗಿನಲ್ಲಿದೆ, ಅಲ್ಲಿ ಚೀಲ ಎತ್ತುವ ಕೈಗಳಿವೆಯೇ? ಒಬ್ಬರೇ ಇರುವ ಅಜ್ಜಿಯೋ ಬಾಣಂತಿಯೋ ಇದ್ದರೆ, ಹಸ್ತ ಮಳೆಗೆ ಮೊದಲೇ ಒಂದು ದಿನ ನಾಲ್ವರು ಹೋಗಿ ಅವರ 24 ಚೀಲ ತುಂಬಿಟ್ಟು ಬನ್ನಿ.