ಹಿಮಕ್ಕೆ ಹೊರಟ ಲೆನ್ಸ್, ಬೆನ್ನಿಗೆ ಒಗ್ಗುವ ಬ್ಯಾಗ್

ಡಿಸೆಂಬರ್ ಕೊನೆಯಿಂದ ಮಾರ್ಚ್ ನಡುವೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದರೆ ಗೊಂಡೋಲ ಎಂಬ ಕೇಬಲ್ ಕಾರ್ ಹತ್ತುವವರ ಸಾಲಿನಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಈಗ ಅಪರೂಪವಲ್ಲ. ಹಿಮವೇ ಬೀಳದ ನಾಡಿನವರಾದರೂ ಸ್ಕೀಯಿಂಗ್ ನಮ್ಮವರಿಗೆ ದೂರದ ಆಟವಾಗಿ ಉಳಿದಿಲ್ಲ. ಕೊಡಗಿನ ಭವಾನಿ ತೆಕ್ಕಡ ಇದೇ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನ ಚಿನ್ನ ಗೆದ್ದು ಕರ್ನಾಟಕಕ್ಕೆ ತಂದಿದ್ದಾರೆ. ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಅಲ್ಲೇ ತರಬೇತಿ ಶಿಬಿರ ನಡೆಸುತ್ತದೆ.

ಹೀಗೆ ಹೋಗುವವರಲ್ಲಿ ಹಲವರ ಬೆನ್ನ ಮೇಲೆ ಹೊಸ ಮಿರರ್‌ಲೆಸ್ ಕ್ಯಾಮೆರಾ ಇರುತ್ತದೆ, ಅದಕ್ಕೆ ಇನ್ನೂ ಹೊಸದಾದ ಲೆನ್ಸ್ ಇರುತ್ತದೆ. ಲೆನ್ಸಿನ ಸ್ವಭಾವ ಇನ್ನೂ ಪರಿಚಯವಾಗಿರುವುದಿಲ್ಲ. ಬ್ಯಾಗು ಕಬಿನಿಯ ಸಫಾರಿ ಜೀಪಿಗೆಂದು ಕೊಂಡದ್ದು. ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗ್‌ನಿಂದ ಗೊಂಡೋಲದ ಎರಡು ಹಂತಗಳಲ್ಲಿ 3,900 ಮೀಟರ್ ದಾಟಿದ ಅಫರ್ವಾತ್ ಬೆಟ್ಟ ಏರಿ ನಿಂತಾಗ, ಗಾಳಿ ಬೀಸುತ್ತಿರುವಾಗ, ಬೆರಳು ಮರಗಟ್ಟಿರುವಾಗ ಇವೆರಡನ್ನೂ ಕಲಿಯಲು ಹೊತ್ತಿರುವುದಿಲ್ಲ. ಹಿಮದ ಮೇಲೆ ಮೊದಲು ದೇಹ, ಆಮೇಲೆ ಕ್ಯಾಮೆರಾ. ಲೆನ್ಸನ್ನೂ ಬ್ಯಾಗನ್ನೂ ಈ ಲೆಕ್ಕದಲ್ಲೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಲುಗಿಸಿದರೆ ಟಕ್ ಟಕ್

ಹೊಸ ಲೆನ್ಸ್ ಕೊಂಡವರು ಮೊದಲು ಗಾಬರಿಯಾಗುವುದು ಅದರ ಸದ್ದಿಗೆ. ಕ್ಯಾಮೆರಾ ಆಫ್ ಮಾಡಿ ಲೆನ್ಸನ್ನು ಮೆಲ್ಲಗೆ ಓರೆ ಮಾಡಿದರೆ ಒಳಗೆ ಏನೋ ಜಾರಿ ಗೋಡೆಗೆ ತಾಗಿದಂತೆ ಟಕ್ ಎನ್ನುತ್ತದೆ. ಇತ್ತ ಓರೆ ಮಾಡಿದರೆ ಮತ್ತೆ ಟಕ್. ಬಿಡಿಭಾಗವೊಂದು ಕಳಚಿದೆ ಎಂದು ಅಂಗಡಿಗೆ ಓಡುವವರಿದ್ದಾರೆ.

ಹೆಚ್ಚಿನ ಸಂದರ್ಭದಲ್ಲಿ ಅಲ್ಲಿ ಏನೂ ಕಳಚಿರುವುದಿಲ್ಲ. ಹಳೆಯ ಲೆನ್ಸುಗಳಲ್ಲಿ ಫೋಕಸ್ ಮಾಡುವ ಗಾಜುಗಳು ತಿರುಪು, ಗೇರುಗಳ ಹಿಡಿತದಲ್ಲಿ ಇರುತ್ತಿದ್ದವು. ಈಗಿನ ಹಲವು ಲೆನ್ಸುಗಳಲ್ಲಿ ಆ ಕೆಲಸ ಲೀನಿಯರ್ ಮೋಟರಿನದು. ಆಯಸ್ಕಾಂತ ಮತ್ತು ಸುರುಳಿಯ ನಡುವಿನ ಸೆಳೆತದಲ್ಲಿ ಗಾಜಿನ ಗುಂಪು ಕಂಬಿಯ ಮೇಲೆ ಜಾರುತ್ತದೆ. ವಿದ್ಯುತ್ ಇದ್ದಾಗ ಹಿಡಿದಲ್ಲಿ ನಿಲ್ಲುತ್ತದೆ, ಇಲ್ಲದಾಗ ಸಡಿಲ ಬಿಡುತ್ತದೆ. ಫುಜಿಫಿಲ್ಮ್‌ನ 90 ಎಂಎಂ ಎಫ್2 ಲೆನ್ಸ್ ಈ ಸದ್ದಿಗೇ ಹೆಸರಾದದ್ದು. ಕಂಪನ ತಡೆಯುವ ವ್ಯವಸ್ಥೆ ಇರುವ ಲೆನ್ಸುಗಳಲ್ಲಿ ಆ ಗಾಜೂ ಸದ್ದು ಮಾಡಬಹುದು. ಸೆನ್ಸರನ್ನೇ ತೇಲಿಸಿ ಕಂಪನ ತಡೆಯುವ ಕ್ಯಾಮೆರಾ ಬಾಡಿಗಳೂ ಆಫ್ ಆಗಿದ್ದಾಗ ಕುಲುಕಿದರೆ ಸದ್ದು ಮಾಡುತ್ತವೆ.

ಪರೀಕ್ಷೆ ಸುಲಭ. ಲೆನ್ಸ್ ಬೇರೆ, ಬಾಡಿ ಬೇರೆ ಮಾಡಿ ಒಂದೊಂದನ್ನೇ ಓರೆ ಮಾಡಿ, ಸದ್ದು ಎಲ್ಲಿಂದ ಎಂದು ಗುರುತಿಸಿ. ಆಮೇಲೆ ಜೋಡಿಸಿ ಕ್ಯಾಮೆರಾ ಆನ್ ಮಾಡಿ ಮತ್ತೆ ಓರೆ ಮಾಡಿ. ಸದ್ದು ನಿಂತರೆ ನಿಶ್ಚಿಂತೆಯಿಂದಿರಿ. ಆನ್ ಆಗಿದ್ದಾಗಲೂ ಕುಲುಕಾಟ ಮುಂದುವರಿದರೆ, ಇಲ್ಲವೇ ಚಿತ್ರದ ಒಂದು ಬದಿ ಮಾತ್ರ ಮಸುಕಾಗಿ ಬಂದರೆ, ವಾರಂಟಿ ಚೀಟಿ ಹಿಡಿದು ಸರ್ವೀಸ್ ಸೆಂಟರಿಗೆ ಹೋಗಿ.

ಇನ್ನೊಂದು ಸದ್ದು ಕ್ಯಾಮೆರಾ ಆನ್ ಆಗಿದ್ದಾಗಲೇ ಬರುತ್ತದೆ. ದೇವದಾರು ಮರಗಳ ಕಪ್ಪು ನೆರಳಿನಿಂದ ಬೆಳ್ಳನೆಯ ಇಳಿಜಾರಿನತ್ತ ಕ್ಯಾಮೆರಾ ತಿರುಗಿಸಿದರೆ ಲೆನ್ಸಿನೊಳಗೆ ಚಿರ್ ಚಿರ್ ಎನ್ನುತ್ತದೆ. ಬೆಳಕು ಬದಲಾದಂತೆ ಅಪರ್ಚರ್ ಎಲೆಗಳು ತೆರೆದು ಮುಚ್ಚುವ ಸದ್ದು ಅದು. ಹಿಮದಲ್ಲಿ ಬೆಳಕಿನ ಏರಿಳಿತ ಹೆಚ್ಚಾದ್ದರಿಂದ ಅಲ್ಲಿ ಇದು ಹೆಚ್ಚಾಗಿಯೇ ಕೇಳಿಸುತ್ತದೆ.

ಕೊನೆಯಿಲ್ಲದ ಫೋಕಸ್ ರಿಂಗ್

ಹಳೆಯ ಲೆನ್ಸಿನಲ್ಲಿ ದೂರದ ಶಿಖರ ತೆಗೆಯಬೇಕೆಂದರೆ ರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಸಾಕಿತ್ತು. ಹೊಸ ಲೆನ್ಸುಗಳಲ್ಲಿ ಹೆಚ್ಚಿನವಕ್ಕೆ ಆ ಕೊನೆಯೇ ಇಲ್ಲ. ರಿಂಗ್ ಬರೀ ಒಂದು ಎಲೆಕ್ಟ್ರಾನಿಕ್ ಸಂಕೇತ ಕಳಿಸುತ್ತದೆ, ಗಾಜನ್ನು ಸರಿಸುವುದು ಮೋಟರ್. ಕ್ಯಾಮೆರಾ ಆಫ್ ಆಗಿದ್ದರೆ ಎಷ್ಟು ತಿರುಗಿಸಿದರೂ ಏನೂ ಆಗದು. ಜೊತೆಗೆ ಬಹುಪಾಲು ಲೆನ್ಸುಗಳು ಅನಂತದ ಗುರುತನ್ನು ದಾಟಿ ಇನ್ನೂ ಸ್ವಲ್ಪ ಆಚೆಗೆ ಹೋಗುತ್ತವೆ. ಬಿಸಿಲು, ಚಳಿಗೆ ಗಾಜೂ ಲೋಹವೂ ಹಿಗ್ಗಿ ಕುಗ್ಗುವುದರಿಂದ ಅನಂತದ ಜಾಗವೂ ಕೊಂಚ ಸರಿಯುತ್ತದೆ. ಅದಕ್ಕೆಂದೇ ತಯಾರಕರು ಆ ಜಾಗ ಬಿಟ್ಟಿರುತ್ತಾರೆ. ಬೆಂಗಳೂರಿನಲ್ಲಿ ಟೇಪ್ ಅಂಟಿಸಿ ಗುರುತು ಮಾಡಿಕೊಂಡ ಫೋಕಸ್ ಮೈನಸ್ 10 ಡಿಗ್ರಿಯಲ್ಲಿ ನಿಖರವಾಗಿರುತ್ತದೆ ಎಂದು ನಂಬಬೇಡಿ. ದೂರದ ಮರದ ಅಂಚಿಗೋ ಶಿಖರದ ಗೆರೆಗೋ ಆಟೋಫೋಕಸ್ ಮಾಡಿ, ಅಲ್ಲಿಂದ ಮ್ಯಾನುಯಲ್‌ಗೆ ಬದಲಿಸಿಕೊಳ್ಳಿ.

ಆಟೋಫೋಕಸ್‌ಗೂ ಹಿಮ ಸುಲಭವಲ್ಲ. ಅದಕ್ಕೆ ಬೇಕಾದದ್ದು ಅಂಚು, ಗೆರೆ, ಬಣ್ಣದ ವ್ಯತ್ಯಾಸ. ಮೋಡ ಕವಿದ ದಿನದ ಇಳಿಜಾರಿನಲ್ಲಿ ಇವು ಯಾವುವೂ ಸಿಗದೆ ಲೆನ್ಸ್ ಹಿಂದೆ ಮುಂದೆ ಹುಡುಕುತ್ತಲೇ ಇರುತ್ತದೆ. ಹಿಮ ಉದುರುತ್ತಿದ್ದರೆ ಹತ್ತಿರದ ಹಳುಕುಗಳನ್ನೇ ಹಿಡಿದುಬಿಡುತ್ತದೆ. ಫೋಕಸ್ ಚೌಕವನ್ನು ಚಿಕ್ಕದಾಗಿಸಿ, ಸ್ಕೀ ಮಾಡುವವರ ಜಾಕೆಟ್ಟಿನ ಬಣ್ಣದ ಮೇಲೋ ಗಾಗಲ್ಸ್ ಮೇಲೋ ಇಡುವುದೇ ಪರಿಹಾರ.

ಬೆಳಕಿನ ಲೆಕ್ಕವನ್ನೂ ಸರಿಪಡಿಸಿಕೊಳ್ಳಬೇಕು. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ಒಟ್ಟಾರೆ ನಡುಬೂದು ಎಂದು ಭಾವಿಸುತ್ತದೆ. ಹೊಸ ಹಿಮವಾದರೋ ಬಿದ್ದ ಬೆಳಕಿನ ಶೇಕಡ 80ಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ. ಅದನ್ನು ಹಾಗೇ ಬಿಟ್ಟರೆ ಹಿಮ ಬೂದಿಯ ಬಣ್ಣಕ್ಕೆ ಬರುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಪ್ಲಸ್ 1ರಿಂದ ಪ್ಲಸ್ 2ರ ನಡುವೆ ಇಟ್ಟು, ಹಿಸ್ಟೋಗ್ರಾಂ ಬಲ ಅಂಚಿಗೆ ಹತ್ತಿರವಾಗಿ, ಆದರೆ ಅದಕ್ಕೆ ಒರಗದಂತೆ ನೋಡಿಕೊಳ್ಳಿ. ವೇಗವಾಗಿ ಇಳಿಯುವವರನ್ನು ಹಿಡಿಯಲು ಸೆಕೆಂಡಿನ 1/1000 ಶಟರ್ ವೇಗವಾದರೂ ಬೇಕು. ಹಿಮದಲ್ಲಿ ಬೆಳಕಿಗೆ ಬರವಿಲ್ಲ, ಆದ್ದರಿಂದ ಭಾರದ ಎಫ್2.8 ಲೆನ್ಸ್ ಇಲ್ಲದೆಯೂ ಇದು ಸಾಧ್ಯ.

ಇನ್ನೂ ಕೆಲವು ಲೆನ್ಸುಗಳು ಚಿತ್ರದ ಮೂಲೆಗಳಲ್ಲಿ ಅಚ್ಚರಿ ಮೂಡಿಸುತ್ತವೆ. ಕ್ಯಾನನ್‌ನ ಆರ್‌ಎಫ್ 24-240 ಲೆನ್ಸನ್ನು 24 ಎಂಎಂಗೆ ಇಟ್ಟು ತೆಗೆದ ರಾ ಫೈಲನ್ನು ತಿದ್ದುಪಡಿಯಿಲ್ಲದೆ ತೆರೆದರೆ ಮೂಲೆಗಳು ಕಪ್ಪಾಗಿ ಕಾಣುತ್ತವೆ. ಆರ್‌ಎಫ್ 16 ಎಂಎಂನಲ್ಲಿ ನೇರ ಗೆರೆಗಳು ಉಬ್ಬಿ ಬಾಗುತ್ತವೆ. ಲೆನ್ಸ್ ಹಗುರವಾಗಲಿ, ಬೆಲೆ ಇಳಿಯಲಿ ಎಂದು ಸ್ವಲ್ಪ ಕೆಲಸವನ್ನು ಗಾಜಿನಿಂದ ತೆಗೆದು ಸಾಫ್ಟ್‌ವೇರ್‌ಗೆ ವಹಿಸಿದ್ದಾರೆ. ಕ್ಯಾಮೆರಾದ ಜೆಪೆಗ್‌ನಲ್ಲಿ ಇದು ತಾನೇ ಸರಿಯಾಗುತ್ತದೆ. ತಿದ್ದುವಾಗ ಮೂಲೆಗಳು ಹಿಗ್ಗುವುದರಿಂದ, ಸ್ಕೀ ಮಾಡುವವರನ್ನು ಚೌಕಟ್ಟಿನ ತೀರಾ ಅಂಚಿಗೆ ತರದಿದ್ದರೆ ಆಯಿತು. ಬೆಟ್ಟದ ಮೇಲೆ ಹಗುರ ಲೆನ್ಸ್ ಕೊಡುವ ಲಾಭ ಈ ಕೊರತೆಗಿಂತ ದೊಡ್ಡದು.

ಯಾವ ಲೆನ್ಸ್ ಒಯ್ಯಬೇಕು

ಒಂದೇ. ಹೆಚ್ಚೆಂದರೆ ಎರಡು. ಪುಡಿಹಿಮ ಗಾಳಿಯಲ್ಲಿ ಹಾರುವ ಜಾಗದಲ್ಲಿ ಲೆನ್ಸ್ ಬದಲಿಸುವುದೆಂದರೆ ಸೆನ್ಸರಿಗೆ ನೀರು ಕುಡಿಸಿದಂತೆ. 24-105 ಬಗೆಯ ಜೂಮ್ ಒಂದು ದಿನಕ್ಕೆ ಧಾರಾಳ ಸಾಕು. ದೂರದ ಚಿತ್ರ ಬೇಕೇ ಬೇಕೆಂದರೆ ತೂಕ ನೋಡಿ. ಕ್ಯಾನನ್‌ನ ಆರ್‌ಎಫ್ 70-200 ಎಫ್2.8 ಲೆನ್ಸಿನ ಮೊದಲ ಆವೃತ್ತಿ 1,070 ಗ್ರಾಂ, ಅದರ ಎಫ್4 ರೂಪ 695 ಗ್ರಾಂ. ಇಳಿಜಾರಿನಲ್ಲಿ ಆ ವ್ಯತ್ಯಾಸ ಮೊಣಕಾಲಿಗೆ ತಿಳಿಯುತ್ತದೆ.

ಉದ್ದ ಚಾಚುವ ಜೂಮ್ ಲೆನ್ಸಿನ ಬಗ್ಗೆ ಒಂದು ಎಚ್ಚರಿಕೆ. ಚಾಚಿದ ಕೊಳವೆಯ ಮೇಲೆ ಹಿಮ ಕೂತಿದ್ದಾಗ ಒಳಗೆಳೆದರೆ ಅದೂ ಒಳಗೆ ಸೇರುತ್ತದೆ. ಮೊದಲು ಒರೆಸಿ, ಆಮೇಲೆ ಮಡಚಿ. ಮುಂದಿನ ಗಾಜಿನ ಮೇಲೆ ಬಿದ್ದ ಹಿಮವನ್ನು ಬಾಯಿಂದ ಊದಬೇಡಿ. ಉಸಿರಿನ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ರಬ್ಬರ್ ಬ್ಲೋವರ್ ಅಥವಾ ಮೃದು ಬ್ರಷ್ ಬಳಸಿ. ಹೆಚ್ಚಿನ ಕ್ಯಾಮೆರಾಗಳಿಗೆ ತಯಾರಕರು ಭರವಸೆ ಕೊಡುವುದು 0 ಡಿಗ್ರಿಯವರೆಗೆ ಮಾತ್ರ. ಓಎಂ-1ರಂತಹ ಕೆಲವಕ್ಕೆ ಮೈನಸ್ 10ರವರೆಗೆ ಇದೆ. ಅದಕ್ಕಿಂತ ಕೆಳಗೂ ಅವು ನಡೆಯುತ್ತವೆ, ಆದರೆ ಬ್ಯಾಟರಿ ಬೇಗ ಸೋಲುತ್ತದೆ. ಹೆಚ್ಚುವರಿ ಬ್ಯಾಟರಿಯನ್ನು ಬ್ಯಾಗಿನಲ್ಲಿಡದೆ ಜಾಕೆಟ್ಟಿನ ಒಳಜೇಬಿನಲ್ಲಿಡಿ. ಚಳಿಗೆ ಸೋತ ಬ್ಯಾಟರಿ ಮೈಬಿಸಿಗೆ ಮತ್ತೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ.

ಬ್ಯಾಗು ಎಲ್ಲಿ ತೆರೆಯುತ್ತದೆ?

ಸ್ಕೀಯಿಂಗ್‌ಗೆ ಕ್ಯಾಮೆರಾ ಬ್ಯಾಗ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಸಫಾರಿಗೆ ಒಯ್ಯುವ ಬಹಳಷ್ಟು ಬ್ಯಾಗುಗಳು ಮುಂಭಾಗದಲ್ಲಿ ತೆರೆಯುತ್ತವೆ. ಜೀಪಿನ ಸೀಟಿನ ಮೇಲೆ ಅದು ಅನುಕೂಲ. ಹಿಮದಲ್ಲಿ ಹಾಗೆ ತೆರೆಯಬೇಕೆಂದರೆ ಬೆನ್ನಿಗೆ ತಾಗುವ ಭಾಗವನ್ನೇ ನೆಲಕ್ಕೆ ಹಾಕಬೇಕು. ಹೆಗಲ ಪಟ್ಟಿಗೆ, ಬೆನ್ನಿನ ಮೆತ್ತೆಗೆ ಹಿಮ ಮೆತ್ತಿಕೊಳ್ಳುತ್ತದೆ. ಮತ್ತೆ ಹೊತ್ತಾಗ ಅದು ಕರಗಿ ಜಾಕೆಟ್ ಒದ್ದೆಯಾಗುತ್ತದೆ, ಗೊಂಡೋಲದಲ್ಲಿ ಕೂತಾಗ ನಡುಕ ಹುಟ್ಟುತ್ತದೆ. ಬೆನ್ನಿನ ಬದಿಯಲ್ಲಿ ಜಿಪ್ ಇರುವ ಬ್ಯಾಗನ್ನು ಮುಖ ಕೆಳಗಾಗಿ ಮಲಗಿಸಬಹುದು. ಒದ್ದೆಯಾಗುವುದು ಹೊರಮೈ ಮಾತ್ರ. ಲೋಪ್ರೋ ಕಂಪನಿಯ ವಿಸ್ಲರ್, ಶಿಮೋಡಾದ ಆಕ್ಷನ್ ಎಕ್ಸ್, ಎಫ್-ಸ್ಟಾಪ್‌ನ ಬೆಟ್ಟದ ಬ್ಯಾಗುಗಳು ಈ ಬಗೆಯವು. ಸೊಂಟದ ಬೆಲ್ಟ್ ಬಿಚ್ಚದೆ ಬ್ಯಾಗನ್ನು ಹೊಟ್ಟೆಯ ಮುಂದಕ್ಕೆ ತಿರುಗಿಸಿ ಕ್ಯಾಮೆರಾ ತೆಗೆಯುವ ಅನುಕೂಲವೂ ಇಂಥವುಗಳಲ್ಲಿ ಕೆಲವಕ್ಕೆ ಇರುತ್ತದೆ.

ಎರಡನೆಯದು ಅಳತೆ. ಕತ್ತು ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗಿನ ಉದ್ದವೇ ನಿಮ್ಮ ಬೆನ್ನಿನ ಅಳತೆ. ಬ್ಯಾಗಿನ ಚೌಕಟ್ಟು ಅದಕ್ಕೆ ಹೊಂದಬೇಕು. ಭಾರದ ಹೆಚ್ಚು ಪಾಲು ಸೊಂಟಕ್ಕೆ ಇಳಿಯಬೇಕು, ಹೆಗಲಿಗಲ್ಲ. ಸ್ಕೀಯಿಂಗ್‌ನಲ್ಲಿ ದೇಹ ಸದಾ ಕೊಂಚ ಮುಂದಕ್ಕೆ ಬಾಗಿರಬೇಕು. ಭಾರ ಎತ್ತರದಲ್ಲಿದ್ದು ಬೆನ್ನಿನಿಂದ ದೂರವಿದ್ದರೆ ಹಿಂದಕ್ಕೆ ಎಳೆಯುತ್ತದೆ, ಸ್ಕೀಗಳ ಮೇಲಿನ ಹಿಡಿತ ತಪ್ಪುತ್ತದೆ. ದಿನದ ಬಳಕೆಗೆ 25ರಿಂದ 35 ಲೀಟರ್ ಸಾಕು. ದೊಡ್ಡ ಬ್ಯಾಗ್ ಕೊಂಡರೆ ಅದನ್ನು ತುಂಬಿಸುವ ಆಸೆಯೂ ಬರುತ್ತದೆ. ಬದಿಯ ಪಟ್ಟಿಗಳನ್ನು ಬಿಗಿಯಾಗಿ ಎಳೆದು ಕಟ್ಟಿ, ತುದಿಗಳು ಜೋತಾಡದಂತೆ ಸಿಕ್ಕಿಸಿ. ಕುರ್ಚಿ ಲಿಫ್ಟಿನಲ್ಲಿ ಜೋತಾಡುವ ಪಟ್ಟಿ ಸಿಕ್ಕಿಕೊಂಡರೆ ಅನಾಹುತವಾಗುತ್ತದೆ. ಅಲ್ಲಿ ಬ್ಯಾಗನ್ನು ಮಡಿಲಿಗೆ ತೆಗೆದುಕೊಂಡು ಕೂರುವುದೇ ಕ್ಷೇಮ.

ಮೂರನೆಯದು ಬೀಳುವ ಯೋಚನೆ. ಸ್ಕೀ ಮಾಡುವವರೆಲ್ಲ ಬೀಳುತ್ತಾರೆ. ಟ್ರೈಪಾಡನ್ನು ಬೆನ್ನುಮೂಳೆಯ ನೇರಕ್ಕೆ ಕಟ್ಟಬೇಡಿ. ಗಟ್ಟಿಯಾದ ಯಾವುದೂ ಬೆನ್ನಿಗೆ ನೇರವಾಗಿ ಒತ್ತದಂತೆ ಜೋಡಿಸಿ. ಎದೆಯ ಮೇಲೆ ಕ್ಲಿಪ್ ಹಾಕಿ ಕ್ಯಾಮೆರಾ ತೂಗಿಸಿಕೊಂಡರೆ ತಕ್ಷಣ ಕೈಗೆ ಸಿಗುವುದೇನೋ ನಿಜ, ಮುಂದಕ್ಕೆ ಬಿದ್ದರೆ ಅದು ಪಕ್ಕೆಲುಬಿಗೇ ಬಡಿಯುತ್ತದೆ. ನಿಂತು ಚಿತ್ರ ತೆಗೆಯುವಾಗ ಅದು ಸರಿ, ಇಳಿಯುವಾಗ ಬ್ಯಾಗಿನೊಳಗೇ ಇರಲಿ. ದಪ್ಪ ಗ್ಲೌಸ್ ಹಾಕಿದ ಕೈಗೆ ಸಿಗುವಷ್ಟು ದೊಡ್ಡ ಜಿಪ್ ಹಿಡಿಗಳಿವೆಯೇ, ಬಕಲ್ ಹಾಗೇ ಬಿಚ್ಚಲಾಗುತ್ತದೆಯೇ ಎಂದು ಅಂಗಡಿಯಲ್ಲೇ ಗ್ಲೌಸ್ ತೊಟ್ಟು ನೋಡಿ.

ಸಲಿಕೆಗೊಂದು ಜಾಗ

ಗೊಂಡೋಲದ ಎರಡನೇ ಹಂತದಿಂದ ನಿಗದಿತ ಹಾದಿ ಬಿಟ್ಟು ಇಳಿಯುವ ಆಸೆಯಿದ್ದರೆ ಬ್ಯಾಗಿನ ಮಾತು ಪ್ರಾಣದ ಮಾತಾಗುತ್ತದೆ. 2023ರ ಫೆಬ್ರುವರಿ 1ರಂದು ಅಫರ್ವಾತ್‌ನ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರುವರಿ 22ರಂದು ಗುಲ್ಮಾರ್ಗ್‌ನಲ್ಲೇ ಮತ್ತೊಂದು ಹಿಮಕುಸಿತ ರಷ್ಯಾದ ಸ್ಕೀಯರ್ ಒಬ್ಬರನ್ನು ಬಲಿ ತೆಗೆದುಕೊಂಡಿತು. ಅಲ್ಲಿಗೆ ಹೋಗುವವರು ಹಿಮದಡಿ ಹೂತವರನ್ನು ಸಂಕೇತದಿಂದ ಪತ್ತೆಹಚ್ಚುವ ಟ್ರಾನ್ಸೀವರ್, ಸಲಿಕೆ, ಹಿಮಕ್ಕೆ ಚುಚ್ಚಿ ನೋಡುವ ಪ್ರೋಬ್ ಕಡ್ಡಿ ಮೂರೂ ಇಲ್ಲದೆ, ಬಲ್ಲ ಗೈಡ್ ಇಲ್ಲದೆ ಹೋಗಬಾರದು. ಸಲಿಕೆ ಮತ್ತು ಪ್ರೋಬ್‌ಗೆ ಕ್ಯಾಮೆರಾ ವಿಭಾಗದಿಂದ ಬೇರೆಯಾದ, ಒಂದೇ ಎಳೆತಕ್ಕೆ ತೆರೆಯುವ ಜಾಗ ಬ್ಯಾಗಿನಲ್ಲಿರಬೇಕು. ಹೂತವರನ್ನು ಹುಡುಕುವ ಹೊತ್ತಿನಲ್ಲಿ ಲೆನ್ಸುಗಳನ್ನು ಸರಿಸಿ ಸಲಿಕೆ ತೆಗೆಯುವಂತಾಗಬಾರದು.

ಟ್ರಾನ್ಸೀವರ್ ಬ್ಯಾಗಿನಲ್ಲಿ ಇಡುವ ವಸ್ತುವಲ್ಲ, ಮೈಮೇಲೆ ಧರಿಸುವಂಥದ್ದು. ಅದು 457 ಕಿಲೋಹರ್ಟ್ಸ್ ಸಂಕೇತದ ಮೇಲೆ ಕೆಲಸ ಮಾಡುತ್ತದೆ. ಕ್ಯಾಮೆರಾ, ಮೊಬೈಲ್ ಹತ್ತಿರವಿದ್ದರೆ ಆ ಸಂಕೇತ ಕೆಡಬಹುದು. ಸಂಕೇತ ಕಳಿಸುವಾಗ ಅವುಗಳಿಂದ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ಅಂತರವಿರಬೇಕು ಎಂಬುದು ಎಲ್ಲೆಡೆ ಹೇಳುವ ನಿಯಮ. ಎದೆಯ ಮೇಲೆ ಕ್ಯಾಮೆರಾ ತೂಗಿಸಿಕೊಂಡು ಇಳಿಯಬಾರದೆನ್ನಲು ಇದು ಇನ್ನೊಂದು ಕಾರಣ.

ಬುಖಾರಿಯ ಕೋಣೆಗೆ ಬಂದ ಮೇಲೆ

ದಿನದ ಕೊನೆಯಲ್ಲಿ ಹೋಟೆಲ್ ಸೇರಿದಾಗ ಕೋಣೆಯ ನಡುವೆ ಬುಖಾರಿ ಎಂಬ ಕಟ್ಟಿಗೆಯ ಒಲೆ ಉರಿಯುತ್ತಿರುತ್ತದೆ. ಬಾಗಿಲು ದಾಟಿದ ಮರುಕ್ಷಣವೇ ಕನ್ನಡಕ ಮಂಜಾಗುತ್ತದೆ. ತಣ್ಣಗಾದ ಲೆನ್ಸಿಗೂ ಆಗುವುದು ಅದೇ. ಕನ್ನಡಕ ಒರೆಸಬಹುದು, ಲೆನ್ಸಿನ ಒಳಗಾಜನ್ನು ಒರೆಸಲಾಗದು. ಆಗುಂಬೆಯ ಮಳೆಯನ್ನು ತಡೆದ ರಬ್ಬರ್ ಸೀಲ್ ಇಲ್ಲಿ ಕಾಯುತ್ತದೆ ಎಂದುಕೊಳ್ಳಬೇಡಿ, ತೇವಭರಿತ ಗಾಳಿಗೆ ಸಣ್ಣ ಸಂದೂ ಸಾಕು. ಹೊರಗಿರುವಾಗಲೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್‌ಲಾಕ್ ಕವರಿಗೆ ಹಾಕಿ ಬಾಯಿ ಮುಚ್ಚಿ, ಬ್ಯಾಗಿನೊಳಗಿಟ್ಟು ಒಳಗೆ ತನ್ನಿ. ಬುಖಾರಿಯಿಂದ ದೂರದ ಮೂಲೆಯಲ್ಲಿ ಒಂದೆರಡು ಗಂಟೆ ಹಾಗೇ ಬಿಡಿ. ತೇವ ಕವರಿನ ಹೊರಗೆ ಕೂರುತ್ತದೆ, ಗಾಜಿನ ಮೇಲಲ್ಲ.

ಹೊರಡುವ ಮೊದಲು ಬ್ಯಾಗಿಗೆ ಒಯ್ಯುವಷ್ಟೇ ಭಾರ ತುಂಬಿ ಒಂದು ಬೆಳಿಗ್ಗೆ ಸಾವನದುರ್ಗ ಹತ್ತಿ ಇಳಿಯಿರಿ. ಬಂಡೆಯ ಇಳಿಜಾರಿನಲ್ಲಿ ಮೊಣಕಾಲು ಮಡಿಸಿ ಇಳಿಯುವಾಗ ಬ್ಯಾಗು ಹಿಂದಕ್ಕೆ ಎಳೆದರೆ ಅದು ಹಿಮಕ್ಕೆ ಒಯ್ಯುವ ಬ್ಯಾಗಲ್ಲ. ಗುಲ್ಮಾರ್ಗ್ ತಲುಪಿದ ಮೇಲೂ ಮೊದಲ ಕೆಲವು ದಿನ ಕ್ಯಾಮೆರಾ ಕೋಣೆಯಲ್ಲೇ ಇರಲಿ. ತಿರುಗುವುದು, ನಿಲ್ಲುವುದು, ಬಿದ್ದು ಏಳುವುದು ಮೈಗೂಡಿದ ಮೇಲೆ ಬ್ಯಾಗ್ ಹೊರಿ. ಗಟ್ಟಿಯಾಗಿ ನಿಲ್ಲಲು ಬಂದವರಿಗೇ ಹಿಮದಲ್ಲಿ ಒಳ್ಳೆಯ ಚಿತ್ರ ಸಿಗುವುದು.