ಬ್ರೌನಿಗೆ ಕಿತ್ತಳೆಯ ಘಮ ಸಿಪ್ಪೆಯಿಂದಲೇ ಬರಲಿ

ಪೆರ್ನಾಲಿಗೆ, ಇಫ್ತಾರಿಗೆ ಈಗ ನಮ್ಮ ಮನೆಗಳಲ್ಲೂ ಬ್ರೌನಿ ಮಾಡ್ತಾರೆ. ಕೆಲವು ಹೆಣ್ಮಕ್ಕಳು ಆರ್ಡರ್ ತೆಗೆದುಕೊಂಡು ಮಾರುವುದೂ ಇದೆ. ಚಾಕೊಲೇಟಿಗೆ ಕಿತ್ತಳೆ ಸೇರಿದರೆ ರುಚಿಯೇ ಬೇರೆ. "ಉಸ್ತಾದ್, ಇದನ್ನು ಹಾಕಬಹುದಾ?" ಎಂದು ರೆಸಿಪಿ ತೋರಿಸಿ ಕೇಳುವವರಿಗಾಗಿ ನಾವಿದನ್ನು ಬರೆಯುತ್ತಿದ್ದೇವೆ.

ವಿದೇಶಿ ರೆಸಿಪಿಗಳಲ್ಲಿ ಕಿತ್ತಳೆ ಘಮಕ್ಕೆ ಕ್ವಾಂತ್ರೋ, ಗ್ರಾಂ ಮಾರ್ನಿಯೇ ಎಂದು ಬರೆದಿರುವುದುಂಟು. ಎಸೆನ್ಸ್ ಎಂದುಕೊಳ್ಳಬೇಡಿ, ಎರಡೂ ಶೇ. 40 ಆಲ್ಕೋಹಾಲ್ ಇರುವ ಮದ್ಯ. ಓವನ್‌ನಲ್ಲಿ ಎಲ್ಲ ಆರಿಹೋಗುತ್ತದೆ ಎಂಬುದೂ ಸರಿಯಲ್ಲ, ಸ್ವಲ್ಪ ಉಳಿದೇ ಉಳಿಯುತ್ತದೆ. ಅಸಲಿ ವೆನಿಲ್ಲಾ ಎಕ್ಸ್‌ಟ್ರಾಕ್ಟ್‌ನಲ್ಲೂ ಆಲ್ಕೋಹಾಲ್ ಇರುತ್ತದೆ. ಲೇಬಲ್ ಓದಿಯೇ ತನ್ನಿ.

ನಿಜವಾದ ಘಮ ಇರುವುದು ಸಿಪ್ಪೆಯ ಎಣ್ಣೆಯಲ್ಲಿ. ಎರಡು ಕಿತ್ತಳೆಗಳನ್ನು ಬಿಸಿನೀರಲ್ಲಿ ಉಜ್ಜಿ ತೊಳೆದು, ಮೇಲಿನ ಬಣ್ಣದ ಪದರ ಮಾತ್ರ ತುರಿಯಿರಿ. ಒಳಗಿನ ಬಿಳಿ ಭಾಗ ಕಹಿ. ತುರಿಯನ್ನು 200 ಗ್ರಾಂ ಸಕ್ಕರೆಯಲ್ಲಿ ಬೆರಳಿಂದ ಚೆನ್ನಾಗಿ ತಿಕ್ಕಿದರೆ ಎಣ್ಣೆ ಬಿಡುತ್ತದೆ. ಅದಕ್ಕೆ 3 ಮೊಟ್ಟೆ ಒಡೆದು ಹಾಕಿ ಕದಡಿ. 150 ಗ್ರಾಂ ಡಾರ್ಕ್ ಚಾಕೊಲೇಟ್, 120 ಗ್ರಾಂ ಬೆಣ್ಣೆ ಕರಗಿಸಿ, ಬಿಸಿ ಆರಿದ ಮೇಲೆ ಸೇರಿಸಿ. ಕೊನೆಗೆ 80 ಗ್ರಾಂ ಮೈದಾ, 25 ಗ್ರಾಂ ಕೋಕೋ, ಚಿಟಿಕೆ ಉಪ್ಪು. ಮೈದಾ ಬಿದ್ದ ಮೇಲೆ ಹೆಚ್ಚು ಕಲಸಬಾರದು, ಬ್ರೌನಿ ಗಟ್ಟಿಯಾಗುತ್ತದೆ. ರಸವನ್ನೂ ಸುರಿಯಬೇಡಿ, ಹಿಟ್ಟು ನೀರಾಗುತ್ತದೆ.

8 ಇಂಚಿನ ಚೌಕ ಟ್ರೇಯಲ್ಲಿ 175 ಡಿಗ್ರಿಗೆ ಸುಮಾರು 25 ನಿಮಿಷ ಸಾಕು. ಕಡ್ಡಿ ಚುಚ್ಚಿದಾಗ ಒದ್ದೆ ಪುಡಿ ಅಂಟಬೇಕು. ಪೂರ್ತಿ ತಣಿದ ಮೇಲೆ ಕತ್ತರಿಸಿ.

ಮಾರುವವರು ಏನೇನು ಹಾಕಿದ್ದೇವೆಂದು ಡಬ್ಬಿಯ ಮೇಲೆ ಬರೆಯಲಿ. ತಿನ್ನುವವರಿಗೂ ನೆಮ್ಮದಿ, ಮಾರುವವರಿಗೂ ನೆಮ್ಮದಿ.